ಎಣ್ಣೆ ಬೇರ್ಪಡಿಸುವ ಡ್ರಮ್ಮು

ಸೂಪರ್‌ಮಾರ್ಕೆಟ್ಟಿನಲ್ಲಿ ‘ಎಕ್ಸ್‌ಟ್ರಾ ವರ್ಜಿನ್’, ‘ಪೊಮೇಸ್’ ಎಂಬ ಎರಡು ಬಗೆಯ ಆಲಿವ್ ಎಣ್ಣೆ ಅಕ್ಕಪಕ್ಕ ಇರುತ್ತವೆ. ಹಣ್ಣು ಒಂದೇ, ಬೆಲೆ ಮಾತ್ರ ಅಜಗಜಾಂತರ. ಎಣ್ಣೆ ಬೇರ್ಪಡಿಸುವ ಡಿಕ್ಯಾಂಟರ್ ಎಂಬ ಯಂತ್ರದ ಒಳಗೆ ಇಣುಕಿದರೆ ಈ ಅಂತರ ಯಾಕೆಂಬುದೂ, ಯಾವ ಬಾಟಲಿ ಯಾವ ಅಡುಗೆಗೆ ಎಂಬುದೂ ತಿಳಿಯುತ್ತದೆ.

ನಮ್ಮ ಗಾಣಕ್ಕೆ ಬೀಳುವ ಕಡಲೆಕಾಯಿ ಬೀಜ, ಎಳ್ಳು ಒಣಗಿದವು. ಅರೆದು ಒತ್ತಿದರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ. ಆಲಿವ್ ಹಸಿ ಹಣ್ಣು. ಹೆಚ್ಚುಕಡಿಮೆ ಅರ್ಧ ತೂಕ ನೀರು, ಎಣ್ಣೆ ಸುಮಾರು ಐದನೇ ಒಂದು ಪಾಲು. ಹಿಂದೆ ಮೆಡಿಟರೇನಿಯನ್ ಸೀಮೆಯಲ್ಲಿ ಕಲ್ಲಿನಲ್ಲಿ ಅರೆದ ಹಣ್ಣನ್ನು ನಾರಿನ ಚಾಪೆಗಳ ಮೇಲೆ ಬಳಿದು, ಒಂದರ ಮೇಲೊಂದು ಪೇರಿಸಿ ಒತ್ತುತ್ತಿದ್ದರು. ಚಾಪೆ ಸರಿಯಾಗಿ ತೊಳೆಯದಿದ್ದರೆ ಹಳೇ ರಸದ ಹುಳಿವಾಸನೆ ಹೊಸ ಎಣ್ಣೆಗೂ ಹತ್ತುತ್ತಿತ್ತು.

ಸ್ಪೇನಿನ ಹಾಯೆನ್ ಪ್ರಾಂತ್ಯ ಆಲಿವ್ ತೋಪುಗಳ ಕಡಲು. ಅಲ್ಲಿನ ಇಂದಿನ ಗಿರಣಿಗಳಲ್ಲಿ ಕಾಯನ್ನು ಓಟೆಸಮೇತ ಜಜ್ಜಿ, ಆ ಮುದ್ದೆಯನ್ನು ಅರ್ಧ ಗಂಟೆ ಮೆಲ್ಲಗೆ ಕದಡುತ್ತಾರೆ. ಕಣ್ಣಿಗೆ ಕಾಣದ ಎಣ್ಣೆಹನಿಗಳು, ಮೊಸರು ಕಡೆದಾಗ ಬೆಣ್ಣೆ ಕೂಡಿಬರುವಂತೆ, ಒಂದಕ್ಕೊಂದು ಸೇರಿ ದೊಡ್ಡದಾಗುವುದು ಇಲ್ಲೇ. ಬಿಸಿ ಹೆಚ್ಚಿಸಿದರೆ ಎಣ್ಣೆ ಜಾಸ್ತಿ ಸಿಗುತ್ತದೆ, ಪರಿಮಳ ಹಾರಿಹೋಗುತ್ತದೆ. ಯುರೋಪಿನಲ್ಲಿ ಲೇಬಲ್ಲಿನ ಮೇಲೆ ‘ಕೋಲ್ಡ್’ ಎಂದು ಬರೆಯಬೇಕಾದರೆ ಶಾಖ 27 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ.

ಮುಂದಿನದು ಡಿಕ್ಯಾಂಟರಿನ ಕೆಲಸ. ಅಡ್ಡ ಮಲಗಿಸಿದ ಉದ್ದನೆಯ ಉಕ್ಕಿನ ಡ್ರಮ್ಮು, ನಿಮಿಷಕ್ಕೆ ಸಾವಿರಾರು ಸುತ್ತು. ಆ ರಭಸಕ್ಕೆ ಭಾರದ ತಿರುಳು, ಓಟೆಚೂರು ಗೋಡೆಗೆ ಬಡಿದು ನಿಲ್ಲುತ್ತವೆ. ಅದರ ಒಳಗೆ ನೀರು. ನೀರಿಗಿಂತ ಹಗುರಾದ ಎಣ್ಣೆ ಎಲ್ಲಕ್ಕಿಂತ ಒಳಗಿನ ಪದರ. ಡ್ರಮ್ಮಿನೊಳಗೆ ಉದ್ದಕ್ಕೂ ಒಂದು ತಿರುಪು ಇದೆ. ಅದು ಡ್ರಮ್ಮಿನ ಜೊತೆಗೇ ತಿರುಗುತ್ತದೆ, ಆದರೆ ವೇಗದಲ್ಲಿ ಚೂರೇ ಚೂರು ವ್ಯತ್ಯಾಸ. ಆ ವ್ಯತ್ಯಾಸದಿಂದಲೇ ಗೋಡೆಗಂಟಿದ ಗಷ್ಟು ಒಂದು ತುದಿಗೆ ಸರಿದು ಹೊರಬೀಳುತ್ತದೆ, ಎಣ್ಣೆ ಇನ್ನೊಂದು ತುದಿಯಿಂದ ಹರಿಯುತ್ತದೆ. ಯಂತ್ರ ನಿಲ್ಲಿಸುವ ಗೋಜೇ ಇಲ್ಲ. ಈ ತಿರುಪು ಹೊಳೆದ ತಲೆಗೆ ಕೈಮುಗಿಯಬೇಕು.

ಮೊದಲಿನ ಡಿಕ್ಯಾಂಟರಿಗೆ ಬಿಸಿನೀರು ಬೆರೆಸಬೇಕಿತ್ತು. ಕಪ್ಪು ಕೊಳಚೆನೀರು ಹಳ್ಳಕೊಳ್ಳ ಕೆಡಿಸುತ್ತಿತ್ತು. 1990ರ ದಶಕದಲ್ಲಿ ಸ್ಪೇನಿನವರು ನೀರು ಬೇಡದ ಯಂತ್ರಕ್ಕೆ ಬದಲಾದರು. ರುಚಿ ಕೊಡುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ನೀರಿನೊಂದಿಗೆ ಕೊಚ್ಚಿಹೋಗುವುದು ಕಡಿಮೆಯಾಗಿ, ಎಣ್ಣೆಯ ರುಚಿಗೂ ಲಾಭವಾಯಿತು. ತಾಜಾ ಎಣ್ಣೆ ಗಂಟಲಲ್ಲಿ ಚುರುಕ್ಕೆನ್ನುವುದು ಇವುಗಳಲ್ಲೊಂದಾದ ಓಲಿಯೊಕ್ಯಾಂಥಾಲ್‌ನಿಂದ. ನೋವು ತಗ್ಗಿಸುವ ಐಬುಪ್ರೊಫೆನ್ ತಡೆಯುವ ಕಿಣ್ವಗಳನ್ನೇ ಇದೂ ತಡೆಯುತ್ತದೆಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಹಾಗೆಂದು ಚಮಚದಲ್ಲಿ ಔಷಧಿಯಂತೆ ಕುಡಿಯಹೊರಟರೆ ಒಳಗೆ ಹೋಗುವುದು ಕೊಬ್ಬೇ.

ಹೀಗೆ ಯಂತ್ರದಿಂದ ನೇರವಾಗಿ ಬಂದ ಒಳ್ಳೆಯ ಎಣ್ಣೆಯೇ ಎಕ್ಸ್‌ಟ್ರಾ ವರ್ಜಿನ್. ಹೊರಬಿದ್ದ ಗಷ್ಟಿನಲ್ಲೂ ಎಣ್ಣೆ ಉಳಿದಿರುತ್ತದೆ. ಅದನ್ನು ಒಣಗಿಸಿ, ಹೆಕ್ಸೇನ್ ದ್ರಾವಕದಿಂದ ಎಳೆದು, ಶುದ್ಧೀಕರಿಸಿ, ಸ್ವಲ್ಪ ವರ್ಜಿನ್ ಎಣ್ಣೆ ಬೆರೆಸಿದರೆ ಪೊಮೇಸ್. ವಾಸನೆ, ಬಣ್ಣ ಅಷ್ಟಕ್ಕಷ್ಟೆ. ಪೂರಿ, ಬಜ್ಜಿ ಕರಿಯಲು ತೊಂದರೆಯಿಲ್ಲ. ಆದರೆ ಆ ಕೆಲಸಕ್ಕೆ ಕಡಲೆಕಾಯಿ ಎಣ್ಣೆ ಇರುವಾಗ ಹೆಚ್ಚು ದುಡ್ಡು ಯಾಕೆ ಸುರಿಯಬೇಕೋ ನನಗೆ ಅರ್ಥವಾಗಿಲ್ಲ.

ಎಕ್ಸ್‌ಟ್ರಾ ವರ್ಜಿನ್ ಒಲೆಗೆ ಇಡಲೇಬಾರದೆಂಬ ಮಾತೂ ಅಷ್ಟು ನಿಜವಲ್ಲ. ಒಳ್ಳೆಯದಾದರೆ ಅದು ಹೊಗೆಯಾಡುವುದು 190 ಡಿಗ್ರಿಯ ಆಸುಪಾಸಿನಲ್ಲಿ. ಪಲ್ಯ, ಸಣ್ಣ ಉರಿಯ ಒಗ್ಗರಣೆಗೆ ಧಾರಾಳ ಸಾಕು. ಕಾದಂತೆಲ್ಲ ಪರಿಮಳ ಹೋಗುವುದರಿಂದ ಕೋಸಂಬರಿಗೋ ಬೇಯಿಸಿದ ತರಕಾರಿಗೋ ಮೇಲಿಂದ ಹಾಕಿದರೆ ಕೊಟ್ಟ ದುಡ್ಡು ನಾಲಗೆಗೆ ತಿಳಿಯುತ್ತದೆ. ಬಾಟಲಿ ಮಾತ್ರ ಒಲೆ ಪಕ್ಕ, ಕಿಟಕಿ ಕಟ್ಟೆಯ ಮೇಲೆ ಬೇಡ. ಎಣ್ಣೆಯಲ್ಲಿರುವ ಪತ್ರಹರಿತ್ತು ಬೆಳಕು ಹೀರಿ ಅದನ್ನು ಬೇಗ ಕಮಟಾಗಿಸುತ್ತದೆ. ಕಡುಹಸಿರು ಗಾಜಿನ ಬಾಟಲಿ ಅದಕ್ಕೇ.