ರಾಗಿ ಮುದ್ದೆ ಮತ್ತು ಮಧುಮೇಹ: ಧಾನ್ಯದಷ್ಟೇ ಅಳತೆಯೂ ಮುಖ್ಯ

ಗ್ರಾಮಗಳಲ್ಲಿ ಮಧುಮೇಹದ ಮಾತು ಬಂದಾಗಲೆಲ್ಲ ಕೇಳಿಬರುವ ನಂಬಿಕೆಯೊಂದಿದೆ: ಅನ್ನ ಬಿಟ್ಟು ಮುದ್ದೆ ಉಂಡರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮುದ್ದೆಯನ್ನು ಎಷ್ಟು ಉಂಡರೂ ದೋಷವಿಲ್ಲ. ಇದರಲ್ಲಿ ಅರ್ಧ ಮಾತ್ರ ಸತ್ಯ. ಉಳಿದರ್ಧವನ್ನು ನಂಬಿ ಮಾತ್ರೆ ನಿಲ್ಲಿಸಿದವರು ಕಣ್ಣು, ಮೂತ್ರಪಿಂಡ ಹಾಗೂ ಪಾದಗಳಿಗೆ ಹಾನಿ ತಂದುಕೊಳ್ಳುವ ಸಂಭವವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. 13 ಕೋಟಿಗೂ ಅಧಿಕ ಮಂದಿ ಅದರ ಪೂರ್ವಸ್ಥಿತಿಯಲ್ಲಿದ್ದಾರೆ.

ರಾಗಿಯ ಗುಣ ಮತ್ತು ಮಿತಿ

100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇರುತ್ತದೆ. ವ್ಯತ್ಯಾಸ ಜನರು ಭಾವಿಸುವಷ್ಟು ದೊಡ್ಡದಲ್ಲ. ರಾಗಿಯ ಹಿರಿಮೆ ಅದರ ನಾರಿನಲ್ಲಿದೆ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರು ಹಲವು ಪಟ್ಟು ಹೆಚ್ಚು. ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಆದರೆ ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು ತೌಡು ಬಿಸುಟರೆ ಈ ಗುಣ ಬಹುಪಾಲು ನಷ್ಟವಾಗುತ್ತದೆ. ದೊಡ್ಡ ಮುದ್ದೆ ಎರಡು ಉಂಡು, ಜೊತೆಗೆ ಅನ್ನವನ್ನೂ ಉಂಡರೆ ಪ್ರಯೋಜನವೇ ಉಳಿಯದು. ಉತ್ತರದ ಜಿಲ್ಲೆಗಳ ಜೋಳದ ರೊಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

ತಟ್ಟೆಯ ಹಂಚಿಕೆ

ತೂಕ ಮಾಡುವ ಸೌಲಭ್ಯವಿಲ್ಲದ ಮನೆಗಳಿಗೂ ಸುಲಭವಾದ ಕ್ರಮವೊಂದಿದೆ. ಊಟದ ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ. ಬಸ್ಸಾರಿನ ಊಟದಲ್ಲಿ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಹೆಚ್ಚಾಗಿ ಬಡಿಸಿಕೊಂಡು ಮುದ್ದೆಯನ್ನು ಚಿಕ್ಕದಾಗಿಸಿದರೆ ಈ ಹಂಚಿಕೆ ತಾನಾಗಿಯೇ ಸಾಧ್ಯವಾಗುತ್ತದೆ. ಸಕ್ಕರೆಯ ಬದಲು ಬೆಲ್ಲ ಬಳಸುವುದರಿಂದ ರಕ್ಷಣೆ ದೊರೆಯುವುದಿಲ್ಲ, ಬೆಲ್ಲವೂ ಸಕ್ಕರೆಯೇ.

ನಡಿಗೆ, ಉಪವಾಸ, ಪಾದಗಳ ಎಚ್ಚರ

ವಾರಕ್ಕೆ 150 ನಿಮಿಷಗಳ ಚುರುಕಾದ ನಡಿಗೆ, ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ, ರಕ್ತದ ಸಕ್ಕರೆಯನ್ನು ತಗ್ಗಿಸಲು ನೆರವಾಗುತ್ತದೆ. ಹೊಲದ ದುಡಿಮೆ ಸುಗ್ಗಿಯ ನಂತರ ಕಡಿಮೆಯಾಗುವುದರಿಂದ, ಆ ತಿಂಗಳುಗಳಲ್ಲಿ ನಡಿಗೆಯ ಅಗತ್ಯ ಹೆಚ್ಚು. ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಬೆವರು, ನಡುಕ, ತಲೆಸುತ್ತು ಕಂಡರೆ ಅದು ಸಕ್ಕರೆ ಕುಸಿದ ಲಕ್ಷಣವಿರಬಹುದು; ಎಚ್ಚರವಿರುವವರಿಗೆ ಕೂಡಲೇ ಸಕ್ಕರೆ ಬೆರೆಸಿದ ನೀರು ಕೊಡಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಧುಮೇಹಿಗಳ ಪಾದದಲ್ಲಿ ಸ್ಪರ್ಶ ಕುಂದುವುದರಿಂದ ಮುಳ್ಳು ಚುಚ್ಚಿದರೂ ಅರಿವಾಗದಿರಬಹುದು. ಬರಿಗಾಲಲ್ಲಿ ನಡೆಯದೆ, ಪ್ರತಿ ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳುವುದು ಉತ್ತಮ. ತಂಬಾಕನ್ನು ಪೂರ್ಣವಾಗಿ ತ್ಯಜಿಸಬೇಕು.

ಗ್ರಾಮ ಪಂಚಾಯಿತಿಯ ಪಾತ್ರ

ಮಧುಮೇಹ ಬಹುಕಾಲ ಲಕ್ಷಣ ತೋರದೆ ಇರಬಲ್ಲದು. ಆದ್ದರಿಂದ 30 ವರ್ಷ ಮೀರಿದವರೆಲ್ಲರ ತಪಾಸಣೆಗೆ ಸರ್ಕಾರದ ಕಾರ್ಯಕ್ರಮದಲ್ಲಿ ಅವಕಾಶವಿದೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮರುಪರೀಕ್ಷೆಯ ಬಳಿಕ ಮಧುಮೇಹವೆಂದು ನಿರ್ಧರಿಸಲಾಗುತ್ತದೆ.

ಸದಸ್ಯರು ತಮ್ಮ ವಾರ್ಡಿನಲ್ಲಿ ತಪಾಸಣೆಗೆ ಬಾರದವರು ಎಷ್ಟು, ಚಿಕಿತ್ಸೆಯನ್ನು ನಡುವೆ ಬಿಟ್ಟವರು ಎಷ್ಟು ಎಂಬ ಸಂಖ್ಯೆಯನ್ನು ಆಶಾ ಕಾರ್ಯಕರ್ತೆ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯಿಂದ ಕೇಳಿ ತಿಳಿಯಬಹುದು. ರೋಗಿಗಳ ಹೆಸರನ್ನು ಸಭೆಯಲ್ಲಿ ಓದುವುದು ತರವಲ್ಲ. ಉಪಕೇಂದ್ರದಲ್ಲಿ ಮಾತ್ರೆಯ ಕೊರತೆಯಿದ್ದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಚರ್ಚಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗಮನಕ್ಕೆ ತರಬೇಕು. ಕೆರೆ ಏರಿ ಅಥವಾ ಶಾಲಾ ಮೈದಾನದ ಸುತ್ತ ದೀಪದ ವ್ಯವಸ್ಥೆಯಾದರೆ, ದಿನವಿಡೀ ದುಡಿಯುವ ಮಹಿಳೆಯರಿಗೂ ಸಂಜೆಯ ನಡಿಗೆ ಸಾಧ್ಯವಾಗುತ್ತದೆ.

ಮುದ್ದೆ ಔಷಧಿಗೆ ಜೊತೆಗಾರನೇ ಹೊರತು ಬದಲಿಯಲ್ಲ. ಈ ಒಂದು ಮಾತು ಮುಂದಿನ ಗ್ರಾಮಸಭೆಯಲ್ಲಿ ಜನರ ಕಿವಿಗೆ ಬಿದ್ದರೆ, ಮಾತ್ರೆ ಬಿಟ್ಟ ಕೆಲವರಾದರೂ ಚಿಕಿತ್ಸೆಗೆ ಮರಳಬಹುದು.