ಕೊನೆಗಾಲದ ರೋಮನ್ ಸಿಪಾಯಿಗೆ ಎಂಥ ಅಂಗಿ ತೊಡಿಸಬೇಕು?

ರೋಮನ್ ಸೈನಿಕ ಎಂದೊಡನೆ ಬಹುಪಾಲು ಜನರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಕೆಂಪು ಅಂಗಿ, ಎದೆಗೆ ಕಬ್ಬಿಣದ ಪಟ್ಟಿಗಳ ಕವಚ, ಕೈಯಲ್ಲಿ ಬಾಗಿಲಿನಂತಹ ಉದ್ದನೆಯ ಗುರಾಣಿ, ಸೊಂಟದಲ್ಲಿ ಗಿಡ್ಡ ಕತ್ತಿ, ಕಾಲಿಗೆ ಪಟ್ಟಿಪಟ್ಟಿಯ ಚಪ್ಪಲಿ. ಹಾಲಿವುಡ್ ಚಿತ್ರಗಳೂ ಆಸ್ಟರಿಕ್ಸ್ ಚಿತ್ರಕಥೆಗಳೂ ಸೇರಿ ಈ ರೂಪವನ್ನು ಜಗತ್ತಿನ ತಲೆಯಲ್ಲಿ ಅಚ್ಚೊತ್ತಿಬಿಟ್ಟಿವೆ. ಚಿತ್ರ ಸುಳ್ಳೇನಲ್ಲ, ಆದರೆ ಅದು ಕ್ರಿ.ಶ. 1 ಮತ್ತು 2ನೇ ಶತಮಾನಗಳಿಗೆ ಸೇರಿದ್ದು. ರೋಮನ್ ಸಾಮ್ರಾಜ್ಯದ ಕತೆ ಅಲ್ಲಿಗೆ ಮುಗಿಯಲಿಲ್ಲ. 4ನೇ ಶತಮಾನದಲ್ಲಿ ರೈನ್ ಮತ್ತು ಡ್ಯಾನ್ಯೂಬ್ ನದಿಗಳ ದಂಡೆಯಲ್ಲಿ ಕಾವಲು ನಿಂತ ರೋಮನ್ ಸಿಪಾಯಿ ಉದ್ದ ತೋಳಿನ ನಿಲುವಂಗಿ, ಷರಾಯಿ ತೊಟ್ಟಿದ್ದ. ಅವನ ಗುರಾಣಿ ಮೊಟ್ಟೆಯಾಕಾರದ್ದು, ಖಡ್ಗ ಉದ್ದನೆಯದು. ಅವನನ್ನು ಇಂದು ಯಾರಿಗಾದರೂ ತೋರಿಸಿದರೆ ರೋಮನ್ನರನ್ನು ಲೂಟಿ ಮಾಡಲು ಬಂದ ಬರ್ಬರನಿರಬೇಕು ಎಂದೇ ಹೇಳಿಯಾರು.

ಈ ಮರೆತುಹೋದ ಸಿಪಾಯಿಯನ್ನು ಜನಸಾಮಾನ್ಯರ ನಡುವೆ ಮತ್ತೆ ತಂದು ನಿಲ್ಲಿಸಿದ್ದರಲ್ಲಿ ಇತಿಹಾಸದ ಗ್ರಂಥಗಳಿಗಿಂತ ಕಂಪ್ಯೂಟರ್ ಆಟಗಳ ಪಾಲು ದೊಡ್ಡದು ಎಂದರೆ ಅಚ್ಚರಿಯಾದೀತು. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2004ರಲ್ಲಿ ‘ರೋಮ್: ಟೋಟಲ್ ವಾರ್’ ಎಂಬ ರಣತಂತ್ರದ ಆಟವನ್ನು ಹೊರತಂದಿತು. ಮರುವರ್ಷವೇ ಅದರ ಮುಂದುವರಿಕೆಯಾಗಿ ‘ಬಾರ್ಬೇರಿಯನ್ ಇನ್ವೇಷನ್’ ಬಂತು. ಇದರ ಕಥಾಕಾಲ ಆರಂಭವಾಗುವುದು ಕ್ರಿ.ಶ. 363ರಲ್ಲಿ. 2015ರಲ್ಲಿ ಬಂದ ‘ಟೋಟಲ್ ವಾರ್: ಅಟಿಲಾ’ 395ರಿಂದ ಶುರುವಾಗುತ್ತದೆ. ಆಡುವವನೇ ಇಲ್ಲಿ ಚಕ್ರವರ್ತಿ, ಅವನೇ ಸೇನಾಪತಿ. ತೆರಿಗೆ ಎತ್ತಿ, ತುಕಡಿಗಳನ್ನು ಕಟ್ಟಿ, ನಕಾಶೆಯ ಮೇಲೆ ನಡೆಸಿಕೊಂಡು ಹೋಗಿ ಕಾದಾಡಬೇಕು. ಪ್ರತಿ ತುಕಡಿಗೂ ಒಂದು ವೇಷ, ಒಂದು ಹೆಸರು, ಕೆಲವು ಅಂಕಿಗಳು: ದಾಳಿಗೆ ಇಷ್ಟು, ರಕ್ಷಣೆಗೆ ಇಷ್ಟು, ಮನೋಸ್ಥೈರ್ಯಕ್ಕೆ ಇಷ್ಟು, ಪ್ರತಿ ಸರದಿಯ ಖರ್ಚು ಇಷ್ಟು.

ವೇಷ ತಪ್ಪಿದರೆ ಅಭಿಮಾನಿಗಳು ಸುಮ್ಮನಿರುವವರಲ್ಲ. 2004ರ ಆಟದಲ್ಲಿ ಕ್ಲಿಯೋಪಾತ್ರಳ ವಂಶದ ಗ್ರೀಕರು ಆಳುತ್ತಿದ್ದ ಈಜಿಪ್ಟಿಗೆ ಅದಕ್ಕೂ ಸಾವಿರ ವರ್ಷ ಹಿಂದಿನ ಫೇರೋಗಳ ಕಾಲದ ರಥಗಳನ್ನು ಕೊಟ್ಟದ್ದು ದೊಡ್ಡ ತಕರಾರಿಗೆ ಕಾರಣವಾಗಿತ್ತು. ಸಿಟ್ಟಿಗೆದ್ದ ಹವ್ಯಾಸಿಗಳು ತಾವೇ ಕೂತು ಆಟವನ್ನು ತಿದ್ದಿದರು. ‘ರೋಮ್ ಟೋಟಲ್ ರಿಯಲಿಸಂ’, ‘ಯುರೋಪಾ ಬಾರ್ಬರೋರಮ್’, ಕೊನೆಗಾಲದ ರೋಮಿಗಾಗಿಯೇ ‘ಇನ್ವೇಸಿಯೋ ಬಾರ್ಬರೋರಮ್’ ಹೀಗೆ ಹುಟ್ಟಿದವು. ಸಂಬಳವಿಲ್ಲದೆ, ರಾತ್ರಿಯೆಲ್ಲ ಕೂತು, ಒಂದು ಶಿರಸ್ತ್ರಾಣದ ಮೊಳೆಗಳು ಎಷ್ಟು ಎಂದು ಜಗಳವಾಡಿದ ಜನ ಇವರು.

ಜಗಳಕ್ಕೆ ಕಾರಣವಿದೆ. ಕೊನೆಗಾಲದ ಸೈನಿಕ ಹೇಗಿದ್ದ ಎಂದು ನೇರವಾಗಿ ತೋರಿಸುವ ಒಂದೇ ಒಂದು ಆಧಾರ ಇಲ್ಲ. ಅಲ್ಲೊಂದು ಇಲ್ಲೊಂದು ಸಿಕ್ಕ ಚೂರುಗಳನ್ನು ಜೋಡಿಸಬೇಕು.

ಶಿರಸ್ತ್ರಾಣದಿಂದಲೇ ಶುರುಮಾಡಬಹುದು. ಹಿಂದಿನ ಕಾಲದಲ್ಲಿ ಇಡೀ ಬಟ್ಟಲನ್ನು ಒಂದೇ ತಗಡಿನಿಂದ ಬಡಿದು ಮಾಡುತ್ತಿದ್ದರು. ಅದಕ್ಕೆ ನುರಿತ ಕಮ್ಮಾರ ಬೇಕು, ಸಮಯವೂ ಬೇಕು. ಹಂಗೆರಿಯಲ್ಲಿ ಡ್ಯಾನ್ಯೂಬ್ ದಂಡೆಯ ಇಂಟರ್ಸಿಸಾ ಕೋಟೆಯಲ್ಲಿ ಸಿಕ್ಕ 4ನೇ ಶತಮಾನದ ಶಿರಸ್ತ್ರಾಣಗಳ ತಯಾರಿಕೆ ಬೇರೆ. ಎರಡು ಅರ್ಧ ಹೋಳುಗಳು, ನಡುನೆತ್ತಿಯ ಮೇಲೆ ಅವನ್ನು ಬೆಸೆಯುವ ಒಂದು ಏಣುಪಟ್ಟಿ, ಸುತ್ತ ಮೊಳೆ. ಪರ್ಷಿಯನ್ನರಿಂದ ಬಂದ ವಿದ್ಯೆ ಇದು ಎಂಬುದು ವಿದ್ವಾಂಸರ ಅನಿಸಿಕೆ. ನೋಡಲು ಒರಟು, ಆದರೆ ಸಾಧಾರಣ ಕೆಲಸಗಾರನೂ ಬೇಗ ಬೇಗ ಮಾಡಿ ಮುಗಿಸಬಹುದಾದದ್ದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾದರಿ 1910ರಲ್ಲಿ ನೆದರ್ಲೆಂಡ್ಸ್‌ನ ಡರ್ನೆ ಬಳಿಯ ಜೌಗುನೆಲದಲ್ಲಿ ಸಿಕ್ಕಿತು. ಚಿನ್ನದ ನೀರು ಕೊಟ್ಟ ಬೆಳ್ಳಿಯ ಹೊದಿಕೆ, ಮೇಲೆ ಅಶ್ವದಳದ ಹೆಸರು. ಈಗ ಅದು ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಎರಡೂ ಒಂದೇ ಸೈನ್ಯದವು ಎಂಬುದನ್ನು ಆಟ ಕಟ್ಟುವವನು ನೆನಪಿಡಬೇಕು. ಬಡ ಕಾಲಾಳಿನ ಕಬ್ಬಿಣದ ಟೋಪಿಯನ್ನು ನೋಡಿ ಸಾಮ್ರಾಜ್ಯವೇ ದಿವಾಳಿಯಾಗಿತ್ತು ಎಂದು ತೀರ್ಮಾನಿಸುವಂತಿಲ್ಲ.

ಈ ಟೋಪಿಗಳು ಎಲ್ಲಿ ತಯಾರಾದವು? ಸುಮಾರು ಕ್ರಿ.ಶ. 400ರ ಹೊತ್ತಿಗೆ ರಚಿತವಾದ ‘ನೊಟಿಷಿಯಾ ಡಿಗ್ನಿಟಾಟಮ್’ ಎಂಬ ಸರ್ಕಾರಿ ಪಟ್ಟಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಯಾವ ಅಧಿಕಾರಿಯ ಕೈಕೆಳಗೆ ಯಾವ ತುಕಡಿ, ಯಾವ ಕಚೇರಿ ಎಂದು ಸಾಮ್ರಾಜ್ಯದ ಉದ್ದಗಲಕ್ಕೂ ಬರೆದಿಟ್ಟ ದಾಖಲೆ ಅದು. ಅದರಲ್ಲಿ ಸರ್ಕಾರದ ಆಯುಧ ಕಾರ್ಖಾನೆಗಳ ಹೆಸರುಗಳೂ ಇವೆ. ಇಟಲಿಯಲ್ಲೇ ಕ್ರೆಮೋನಾದಲ್ಲಿ ಗುರಾಣಿ, ಲುಕ್ಕಾದಲ್ಲಿ ಖಡ್ಗ, ಕಾಂಕಾರ್ಡಿಯಾದಲ್ಲಿ ಬಾಣ, ಮಾಂಟುವಾದಲ್ಲಿ ಕವಚ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸಾರ್ವಜನಿಕ ವಲಯದ ಉದ್ಯಮಗಳು.

ಬಣ್ಣದ ಪೇಚು

ಅದೇ ಪಟ್ಟಿಯಲ್ಲಿ ತುಕಡಿಗಳ ಗುರಾಣಿಗಳ ಚಿತ್ರಗಳೂ ಬಣ್ಣ ಬಣ್ಣವಾಗಿ ಇವೆ. ಆಟ ಕಟ್ಟುವವರಿಗೆ ಇದು ಹಬ್ಬದೂಟ. ಆದರೆ ಮೂಲ ಪ್ರತಿ ಉಳಿದಿಲ್ಲ. ಜರ್ಮನಿಯ ಸ್ಪೈಯರ್‌ನಲ್ಲಿದ್ದ ಹಳೆಯ ಪ್ರತಿಯೂ ಕಳೆದುಹೋಗಿದೆ. ಕೈಗೆ ಸಿಕ್ಕಿರುವುದು ಅದನ್ನು ನೋಡಿ 15 ಮತ್ತು 16ನೇ ಶತಮಾನದವರು ಬರೆದುಕೊಂಡ ನಕಲುಗಳು. ನಕಲು ಮಾಡಿದವನು ಬಣ್ಣ ತಪ್ಪಿದನೋ, ಅವನಿಗೆ ಮೊದಲು ಬರೆದವನೇ ಖಾಲಿ ಜಾಗ ತುಂಬಲು ಕಲ್ಪಿಸಿದನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತುಕಡಿಗೊಂದು ಗುರುತು ಇತ್ತೆಂಬುದು ಮಾತ್ರ ನಿಜ. 357ರಲ್ಲಿ ಇಂದಿನ ಸ್ಟ್ರಾಸ್‌ಬರ್ಗ್ ಬಳಿ ಎದುರಾದ ಅಲಮನ್ನರು ರೋಮನ್ನರ ಗುರಾಣಿಯ ಚಿಹ್ನೆಗಳನ್ನು ನೋಡಿಯೇ, ಹಿಂದೊಮ್ಮೆ ತಮ್ಮವರಿಗೆ ಬೆನ್ನು ತೋರಿಸಿದವರು ಇವರೇ ಎಂದು ಗುರುತು ಹಿಡಿದರಂತೆ. ಹಾಗೆ ಬರೆದವನು ಅಮ್ಮಿಯಾನಸ್ ಮಾರ್ಸೆಲಿನಸ್. ಸ್ವತಃ ಸೇನಾಧಿಕಾರಿಯಾಗಿದ್ದ ಇತಿಹಾಸಕಾರ, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು.

ಅಂಗಿಯ ಬಣ್ಣದ ಕತೆ ಇನ್ನೂ ಪೇಚಿನದು. ಈಜಿಪ್ಟಿನ ಒಣ ಮರಳಿನಲ್ಲಿ ಉಳಿದುಬಂದ ಬಟ್ಟೆಗಳನ್ನೂ ಸಿಸಿಲಿಯ ಪಿಯಾಝಾ ಅರ್ಮೆರಿನಾದ ಅರಮನೆಯಂಥ ಮನೆಯ ನೆಲದ ಚಿತ್ತಾರಗಳನ್ನೂ ನೋಡಿದರೆ, ಬಣ್ಣ ಹಾಕದ ಮಾಸಲು ಬಿಳಿ ಅಂಗಿಗಳು, ಅವುಗಳ ಮೇಲೆ ಹೆಗಲಿಗೂ ಮಂಡಿಯ ಬಳಿಗೂ ನೇಯ್ದ ನೇರಳೆ ಬಣ್ಣದ ದುಂಡು ಪಟ್ಟಿಗಳು ಮತ್ತೆ ಮತ್ತೆ ಕಾಣುತ್ತವೆ. ಆದರೆ ರಣತಂತ್ರದ ಆಟದಲ್ಲಿ ಎರಡೂ ಪಕ್ಷದವರು ಬಿಳಿ ಅಂಗಿ ತೊಟ್ಟು ನಿಂತರೆ ಆಡುವವನ ಪಾಡೇನು? ಪಕ್ಷಕ್ಕೊಂದು ಬಣ್ಣ ಬೇಕೇಬೇಕು. ಇಲ್ಲಿ ಇತಿಹಾಸ ಸೋಲುತ್ತದೆ, ಸೋಲಲಿ. ಅಂಗಿ ಬಿಳಿಯಾಗಿಯೇ ಇರಲಿ ಎಂದು ಹಟ ಹಿಡಿದವರು ಗುರಾಣಿಗೆ ಬಣ್ಣ ಹಾಕಿ ಪಾರಾಗಬಹುದು.

ಒಂದು ಆಧಾರ ಕರ್ನಾಟಕದ ಮಣ್ಣಿನಲ್ಲೂ ಸಿಕ್ಕಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ಚಿನ್ನದ ನಾಣ್ಯಗಳ ನಿಧಿಯಲ್ಲಿ 5ನೇ ಶತಮಾನದ ಪೂರ್ವ ರೋಮನ್ ಚಕ್ರವರ್ತಿಗಳ ನಾಣ್ಯಗಳೂ ಇದ್ದವು. ಆ ಕಾಲದ ಇಂಥ ನಾಣ್ಯಗಳಲ್ಲಿ ಚಕ್ರವರ್ತಿ ಶಿರಸ್ತ್ರಾಣ ಧರಿಸಿ, ಹೆಗಲ ಮೇಲೆ ಈಟಿ ಇಟ್ಟು, ಕುದುರೆ ಸವಾರನ ಚಿತ್ರವಿರುವ ಗುರಾಣಿ ಹಿಡಿದು ನಮ್ಮನ್ನೇ ದಿಟ್ಟಿಸುತ್ತಾನೆ. ವೇಷ ಚಕ್ರವರ್ತಿಯದು, ಸಿಪಾಯಿಯದಲ್ಲ ನಿಜ. ಆದರೂ ಆ ಕಾಲದವರ ಕಣ್ಣಿಗೆ ಸೈನಿಕ ಎಂದರೆ ಹೇಗಿರಬೇಕಿತ್ತು ಎಂಬುದು ಅದರಲ್ಲಿದೆ.

ಅಂಕಿಯೊಳಗಿನ ಅಭಿಪ್ರಾಯ

ವೇಷ ತಪ್ಪಿದರೆ ಯಾರಾದರೂ ಬೆರಳು ತೋರಿಸುತ್ತಾರೆ. ಅಂಕಿ ತಪ್ಪಿದರೆ ಗೊತ್ತಾಗುವುದೇ ಇಲ್ಲ. ಅಪಾಯ ಇರುವುದು ಅಲ್ಲಿ.

ಕೊನೆಗಾಲದ ಸೈನ್ಯದಲ್ಲಿ ಸ್ಥೂಲವಾಗಿ ಎರಡು ಬಗೆ. ದೊರೆಯ ಅಥವಾ ದಂಡನಾಯಕನ ಜೊತೆ ಎಲ್ಲಿಗೆಂದರೆ ಅಲ್ಲಿಗೆ ಹೋಗುವ ಸಂಚಾರಿ ಸೈನ್ಯಕ್ಕೆ ಕಾಮಿಟಾಟೆನ್ಸಿಸ್ ಎಂದು ಹೆಸರು. ಗಡಿಯಲ್ಲೇ ನೆಲೆಸಿದವರು ಲಿಮಿಟಾನೆಯಿ. ಆಟಗಳಲ್ಲಿ ಮೊದಲನೆಯವರು ಬೆಲೆಬಾಳುವ ಸಮರ್ಥರು, ಎರಡನೆಯವರು ಅಗ್ಗದ ಕೆಳದರ್ಜೆಯವರು. ಈ ಎಣಿಕೆ ಆಟದವರು ಹುಟ್ಟಿಸಿದ್ದಲ್ಲ. ಗಡಿ ಸಿಪಾಯಿಗಳೆಂದರೆ ಹೊಲ ಉಳುತ್ತ, ಆಗೊಮ್ಮೆ ಈಗೊಮ್ಮೆ ಈಟಿ ಹಿಡಿಯುತ್ತಿದ್ದ ಅರೆ ರೈತರು ಎಂದು ಹಿಂದಿನ ಇತಿಹಾಸಕಾರರೇ ಬರೆದಿದ್ದರು. 1964ರಲ್ಲಿ ಎ.ಎಚ್.ಎಂ. ಜೋನ್ಸ್ ಕೊನೆಗಾಲದ ಸಾಮ್ರಾಜ್ಯದ ಕುರಿತ ತಮ್ಮ ಬೃಹತ್ ಗ್ರಂಥದಲ್ಲಿ ಇದನ್ನು ಪ್ರಶ್ನಿಸಿದರು. 4ನೇ ಶತಮಾನದಲ್ಲಿ ಅವರು ಸಂಬಳ, ಪಡಿ ಪಡೆಯುತ್ತಿದ್ದ ಪೂರ್ಣಾವಧಿ ಸೈನಿಕರೇ. ಅಲ್ಲದೆ ಗಡಿಯಿಂದ ಸಂಚಾರಿ ಸೈನ್ಯಕ್ಕೆ ವರ್ಗವಾದ ತುಕಡಿಗಳಿಗೆಂದೇ ನೊಟಿಷಿಯಾದಲ್ಲಿ ಪ್ರತ್ಯೇಕ ದರ್ಜೆಯೊಂದಿದೆ. ಕೆಲಸಕ್ಕೆ ಬಾರದವರಾಗಿದ್ದರೆ ಕರೆಸಿಕೊಳ್ಳುತ್ತಿದ್ದರೇ? ಆಟದಲ್ಲಿ ಲಿಮಿಟಾನೆಯಿಗಳ ಮನೋಸ್ಥೈರ್ಯಕ್ಕೆ ಸಣ್ಣ ಅಂಕಿ ಕೊಟ್ಟಾಗ ಜೋನ್ಸ್‌ರ ವಾದವನ್ನು ತಳ್ಳಿಹಾಕಿದಂತೆಯೇ ಆಯಿತು. ಲಕ್ಷಾಂತರ ಹುಡುಗರು ಅದನ್ನು ಪಾಠದಂತೆ ಕಲಿತು, ಗಡಿ ದುರ್ಬಲವಾಗಿತ್ತು, ಆದ್ದರಿಂದ ರೋಮ್ ಬಿತ್ತು ಎಂದು ನಂಬುತ್ತಾರೆ.

ಕವಚದ ವಿಚಾರದಲ್ಲೂ ಇದೇ ತೊಡಕು. ಗ್ರೇಷಿಯನ್ ಚಕ್ರವರ್ತಿಯ ಕಾಲದಿಂದ ಕಾಲಾಳುಗಳು ಭಾರ ಎಂದು ಕವಚವನ್ನೂ ಶಿರಸ್ತ್ರಾಣವನ್ನೂ ಬಿಟ್ಟರು ಎಂದು ಯುದ್ಧಶಾಸ್ತ್ರ ಬರೆದ ವೆಜಿಷಿಯಸ್ ಗೊಣಗುತ್ತಾನೆ. ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವ ಹಿರಿಯರ ಗೊಣಗಾಟ ಎಲ್ಲ ಊರಿನದೂ ಹೌದು. ಕವಚ ತಯಾರಿಸುವ ಕಾರ್ಖಾನೆಗಳು ಪಟ್ಟಿಯಲ್ಲಿರುವಾಗ ಅವನ ಮಾತನ್ನು ಪೂರ್ತಿ ನಂಬುವುದು ಕಷ್ಟ. ಅದೇ ವೆಜಿಷಿಯಸ್ ಹೇಳುವ ಇನ್ನೊಂದು ಆಯುಧ ಮಾತ್ರ ಉತ್ಖನನಗಳಲ್ಲಿ ಸಿಕ್ಕಿದೆ. ಸೀಸದ ಗುಂಡು ಕೂರಿಸಿದ, ಕೈಯಿಂದ ಎಸೆಯುವ ಕಿರುಭರ್ಜಿ ಅದು, ಹೆಸರು ಪ್ಲಂಬಾಟಾ. ಒಬ್ಬೊಬ್ಬ ಸೈನಿಕ ಗುರಾಣಿಯ ಒಳಬದಿಯಲ್ಲಿ ಐದು ಇಟ್ಟುಕೊಳ್ಳುತ್ತಿದ್ದನಂತೆ.

ಸಂಖ್ಯೆಯ ಮಿತಿ ಬೇರೆ ಇದೆ. ಈ ಆಟಗಳಲ್ಲಿ ಒಂದು ದಂಡಿಗೆ ಇಪ್ಪತ್ತು ತುಕಡಿ, ತುಕಡಿಗೆ ಹೆಚ್ಚೆಂದರೆ ಒಂದೆರಡು ನೂರು ಆಕೃತಿಗಳು. ಸ್ಟ್ರಾಸ್‌ಬರ್ಗಿನಲ್ಲಿ ಜೂಲಿಯನ್ ಬಳಿ ಇದ್ದವರು 13,000. ಎದುರಾಳಿಗಳು 35,000 ಎನ್ನುತ್ತಾನೆ ಅಮ್ಮಿಯಾನಸ್. ಗೆದ್ದದ್ದು ರೋಮನ್ನರು, ಸತ್ತದ್ದು ಅವರ ಕಡೆ 243 ಸೈನಿಕರು ಮತ್ತು ನಾಲ್ವರು ಅಧಿಕಾರಿಗಳು. ಇಪ್ಪತ್ತೊಂದೇ ವರ್ಷಗಳ ನಂತರ, 378ರ ಆಗಸ್ಟ್ 9ರಂದು, ಏಡ್ರಿಯನೋಪಲ್‌ನಲ್ಲಿ ಗೋಥರ ಎದುರು ರೋಮನ್ ಸೈನ್ಯದ ಮೂರರಲ್ಲಿ ಎರಡು ಪಾಲು ನಾಶವಾಯಿತು, ಚಕ್ರವರ್ತಿ ವೇಲೆನ್ಸ್ ಸತ್ತ. ಇಷ್ಟರೊಳಗೆ ಸೈನಿಕನ ಅಂಕಿಗಳು ಇಳಿದುಬಿಟ್ಟವೇ? ವೇಲೆನ್ಸ್ ಸಹಾಯಕ್ಕೆ ಬರುತ್ತಿದ್ದ ಗ್ರೇಷಿಯನ್‌ನಿಗಾಗಿ ಕಾಯಲಿಲ್ಲ. ಸೈನಿಕರು ಬಿಸಿಲಿನಲ್ಲಿ ನಡೆದು, ಹಸಿದು, ಬಾಯಾರಿ ಬಂದಿದ್ದರು. ಸಂಧಾನ ನಡೆಯುತ್ತಿರುವಾಗಲೇ ಕೆಲವರು ಕಾದಾಟ ಶುರುಮಾಡಿದರು. ಮೇವಿಗೆ ಹೋಗಿದ್ದ ಗೋಥರ ಅಶ್ವದಳ ಅದೇ ಹೊತ್ತಿಗೆ ಬಂದೆರಗಿತು. ಇದರಲ್ಲಿ ಯಾವುದೂ ತುಕಡಿಯ ಚೀಟಿಯ ಮೇಲೆ ಬರೆಯುವಂಥದ್ದಲ್ಲ.

ಸೈನಿಕರನ್ನು ಕಲೆಹಾಕುವ ಕಷ್ಟವೂ ಚೀಟಿಯಲ್ಲಿ ಇರುವುದಿಲ್ಲ. ‘ರೋಮ್: ಟೋಟಲ್ ವಾರ್’ನಲ್ಲಿ ಗುಂಡಿ ಒತ್ತಿ ಒಂದು ಸರದಿ, ಎಂದರೆ ಆರು ತಿಂಗಳು ಕಾದರೆ ತುಕಡಿ ಸಿದ್ಧ. ನಿಜದಲ್ಲಿ ದಂಡಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಯುವಕರು ಹೆಬ್ಬೆರಳನ್ನೇ ಕತ್ತರಿಸಿಕೊಳ್ಳುತ್ತಿದ್ದರು. ಅಂಥವರನ್ನು ಸುಡಬೇಕೆಂದು 368ರಲ್ಲಿ ಕಾನೂನಾಯಿತು. 381ರ ಹೊತ್ತಿಗೆ ಜನರ ಅಭಾವ ಎಷ್ಟಿತ್ತೆಂದರೆ, ಬೆರಳಿಲ್ಲದ ಇಬ್ಬರನ್ನು ಕೊಟ್ಟರೆ ಒಬ್ಬ ಪೂರ್ತಿ ಸೈನಿಕನ ಲೆಕ್ಕ ಎಂದು ಕಾನೂನು ಬದಲಾಯಿತು. 340ರ ದಶಕದಲ್ಲಿ ಈಜಿಪ್ಟಿನ ಅಶ್ವದಳವೊಂದರ ನಾಯಕನಾಗಿದ್ದ ಅಬಿನ್ನಾಯಸ್‌ನ ಕಾಗದಪತ್ರಗಳು ಉಳಿದಿವೆ. ಅವುಗಳಲ್ಲೊಂದರಲ್ಲಿ ಹಳ್ಳಿಯ ಪಾದ್ರಿಯೊಬ್ಬ, ಓಡಿಹೋಗಿದ್ದ ಪೌಲಸ್ ಎಂಬ ಸಿಪಾಯಿಯನ್ನು ಇದೊಂದು ಸಲ ಕ್ಷಮಿಸಬೇಕೆಂದು ನಾಯಕನನ್ನು ಬೇಡಿಕೊಳ್ಳುತ್ತಾನೆ.

ವಿಚಿತ್ರವೆಂದರೆ, ಚೂರುಗಳನ್ನು ಜೋಡಿಸುವ ಕಷ್ಟವಿಲ್ಲದೆ ಆಟಕ್ಕೆ ತರಬಹುದಾದದ್ದು ಸೈನಿಕನ ರೂಪವಲ್ಲ, ದನಿ. ಸ್ಟ್ರಾಸ್‌ಬರ್ಗಿನಲ್ಲಿ ಕಾರ್ನೂಟಿ, ಬ್ರಾಕಿಯಾಟಿ ಎಂಬ ತುಕಡಿಗಳು ಹಾಕಿದ ಬಾರಿಟಸ್ ಎಂಬ ರಣಕೂಗನ್ನು ಅಮ್ಮಿಯಾನಸ್ ವರ್ಣಿಸಿದ್ದಾನೆ. ಪಿಸುದನಿಯಲ್ಲಿ ಶುರುವಾಗಿ, ಏರುತ್ತ ಏರುತ್ತ, ಬಂಡೆಗೆ ಬಡಿಯುವ ಅಲೆಯಂತೆ ಅಬ್ಬರಿಸುತ್ತಿತ್ತಂತೆ. ಅದು ಮೂಲತಃ ಜರ್ಮನ್ ಬುಡಕಟ್ಟುಗಳ ಕೂಗು. ಅಪ್ಪಣೆಗಳ ಭಾಷೆ ಮಾತ್ರ ಲ್ಯಾಟಿನ್. 6ನೇ ಶತಮಾನದ ಕೊನೆಯ ವೇಳೆಗೆ, ಮಾರಿಸ್ ಚಕ್ರವರ್ತಿಯ ಹೆಸರಿನಲ್ಲಿರುವ ಯುದ್ಧಕೈಪಿಡಿ ಗ್ರೀಕ್ ಭಾಷೆಯಲ್ಲಿ ರಚಿತವಾದಾಗಲೂ ಕವಾಯತಿನ ಆಜ್ಞೆಗಳು ಲ್ಯಾಟಿನ್ನಿನಲ್ಲೇ ಉಳಿದಿದ್ದವು. ಪಶ್ಚಿಮದ ರೋಮ್ ಬಿದ್ದು ಅಷ್ಟರಲ್ಲಾಗಲೇ ನೂರು ವರ್ಷ ದಾಟಿತ್ತು.