ಘಾಟಿ ಇಳಿಸುವ ಟ್ರೈಲರ್‌ಗೆ ಯಾವ ಬ್ರೇಕ್?

ಈ ವಾರ ಟ್ರ್ಯಾಕ್ಟರ್ ಹಿಂದಿನ ಟ್ರೈಲರ್ ಬಗ್ಗೆ ಬರೀತಿದ್ದೇನೆ. ಟ್ರ್ಯಾಕ್ಟರ್ ತಗೊಳ್ಳುವಾಗ ನಾವು ಹತ್ತು ಶೋರೂಮ್ ಸುತ್ತುತ್ತೇವೆ, ಎಚ್‌ಪಿ ಕೇಳ್ತೇವೆ, ಡೀಸೆಲ್ ಎಷ್ಟು ಕುಡಿಯುತ್ತೆ ಅಂತ ಕೇಳ್ತೇವೆ. ಟ್ರೈಲರ್ ಮಾತ್ರ ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಹೇಳಿ ಮಾಡಿಸಿಬಿಡ್ತೇವೆ. ತಗಡು ಎಷ್ಟು ದಪ್ಪ, ಟೈರ್ ಹೊಸದೋ ಹಳೇದೋ ಅಂತ ಕೇಳೋರು ಬ್ರೇಕ್ ವಿಷಯ ಕೇಳೋದು ಕಡಿಮೆ. ಬಯಲುಸೀಮೆಯಲ್ಲಿ ಇದು ಹೇಗೋ ನಡೆದೀತು. ನಮ್ಮ ಮಲೆನಾಡಿನಲ್ಲಿ ನಡೆಯೋದಿಲ್ಲ. ನನ್ನ ತೋಟ ಗುಡ್ಡದ ಮೇಲಿದೆ, ಅಡಿಕೆ ಮೂಟೆ, ಸೌದೆ, ಗೊಬ್ಬರ ಎಲ್ಲ ಇಳಿಜಾರಿನಲ್ಲೇ ಓಡಾಡಬೇಕು. ಆಗುಂಬೆ, ಚಾರ್ಮಾಡಿಯಂಥ ದೊಡ್ಡ ಘಾಟಿಗಳ ಮಾತು ಹಾಗಿರಲಿ, ತೋಟದಿಂದ ಟಾರ್ ರಸ್ತೆಗೆ ಇಳಿಯುವ ಅರ್ಧ ಕಿಲೋಮೀಟರ್ ಇಳುಕಲೇ ಸಾಕು, ಟ್ರೈಲರ್ ನಮ್ಮ ಮಾತು ಕೇಳುತ್ತೋ ಇಲ್ಲವೋ ಗೊತ್ತಾಗೋದಕ್ಕೆ.

ಇಳಿಜಾರಿನಲ್ಲಿ ಏನಾಗುತ್ತದೆ?

ಒಂದು ಲೆಕ್ಕ ನೋಡಿ. ಟ್ರ್ಯಾಕ್ಟರ್ 2 ಟನ್, ಲೋಡ್ ಸೇರಿ ಟ್ರೈಲರ್ 5 ಟನ್, ಒಟ್ಟು 7 ಟನ್ ಅಂತಿಟ್ಟುಕೊಳ್ಳಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಈ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 700 ಕೆಜಿ. ಅದರಲ್ಲಿ 500 ಕೆಜಿ ಟ್ರೈಲರ್‌ನದೇ. ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ 500 ಕೆಜಿ ಪೂರ್ತಿ ಹಿಂದಿನಿಂದ ಟ್ರ್ಯಾಕ್ಟರನ್ನು ತಳ್ಳುತ್ತಿರುತ್ತದೆ. ರಸ್ತೆ ನೇರ ಇದ್ದಾಗ ಗೊತ್ತಾಗೋದಿಲ್ಲ. ತಿರುವಿನಲ್ಲಿ, ಅದರಲ್ಲೂ ಮಳೆಗೆ ಪಾಚಿ ಕಟ್ಟಿದ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲೋದಕ್ಕೆ ನೋಡುತ್ತದೆ, ಟ್ರೈಲರ್ ನಿಲ್ಲೋದಿಲ್ಲ. ಹಿಂದಿನಿಂದ ಓರೆಯಾಗಿ ತಳ್ಳಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸಿ ಬೀಳಿಸುತ್ತದೆ. ಆಗ ಡ್ರೈವರ್‌ಗೆ ಹಾರೋದಕ್ಕೂ ಪುರುಸೊತ್ತು ಸಿಗೋದಿಲ್ಲ.

ಇನ್ನೊಂದು ಶತ್ರು ಬಿಸಿ. ಇದೇ 7 ಟನ್ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹುಟ್ಟುವ ಶಾಖ ಸುಮಾರು 100 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಬಚ್ಚಲ ಹಂಡೆಗೆ ಎಷ್ಟು ಸೌದೆ ಹಾಕ್ತೀರಿ ನೆನಪು ಮಾಡಿಕೊಳ್ಳಿ! ಒಂದಷ್ಟು ಪಾಲು ಟೈರ್ ಉರುಳುವುದರಲ್ಲೇ ಹೋಗುತ್ತದೆ. ಉಳಿದದ್ದನ್ನು ಇಂಜಿನ್ ನುಂಗಬೇಕು, ಇಲ್ಲದಿದ್ದರೆ ಬ್ರೇಕ್ ನುಂಗಬೇಕು. ಎಲ್ಲವನ್ನೂ ಬ್ರೇಕಿಗೇ ಬಿಟ್ಟರೆ ಲೈನರ್ ಕಾದು ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲೋದಿಲ್ಲ.

ಹಾಗಾಗಿ ನಾನು ಎರಡು ಮಾತು ನಂಬಿದ್ದೇನೆ. ಇಳಿಜಾರಿನಲ್ಲಿ ವೇಗ ಹಿಡಿಯುವ ಕೆಲಸ ಇಂಜಿನ್‌ನದು. ಟ್ರೈಲರನ್ನು ನಿಲ್ಲಿಸುವ ಕೆಲಸ ಟ್ರೈಲರ್‌ನ ಬ್ರೇಕಿನದು. ಟ್ರ್ಯಾಕ್ಟರ್ ಬ್ರೇಕ್ ಒಂದೇ ಇವೆರಡನ್ನೂ ಹೊರಲಾರದು.

ಮೊದಲು ಟ್ರ್ಯಾಕ್ಟರ್ ನೋಡಿ

ಟ್ರ್ಯಾಕ್ಟರ್‌ಗಳಲ್ಲಿ ಡ್ರೈ ಬ್ರೇಕ್, ಆಯಿಲ್ ಬ್ರೇಕ್ ಎಂದು ಎರಡು ಬಗೆ. ಮಲೆನಾಡಿಗೆ ಆಯಿಲ್‌ನಲ್ಲಿ ಮುಳುಗಿರುವ ಡಿಸ್ಕ್ ಬ್ರೇಕೇ ಸರಿ. ಗದ್ದೆಯ ಕೆಸರು, ನೀರು ಒಳಗೆ ಹೋಗೋದಿಲ್ಲ, ಬಿಸಿಯನ್ನು ಆಯಿಲ್ ಎಳೆದುಕೊಳ್ಳುತ್ತದೆ. ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿಸಿ. ಅಗ್ಗದ ಬೇರೆ ಆಯಿಲ್ ಹಾಕಿದರೆ ಬ್ರೇಕ್ ಕಿರುಗುಟ್ಟುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ.

ಉಳುಮೆ ಮಾಡುವಾಗ ಎಡ, ಬಲ ಪೆಡಲ್ ಬೇರೆ ಬೇರೆ ಮಾಡಿಕೊಂಡಿರುತ್ತೇವೆ. ರಸ್ತೆಗೆ ಇಳಿಯುವ ಮೊದಲು ಎರಡನ್ನೂ ಕೊಂಡಿ ಹಾಕಿ ಸೇರಿಸಲೇಬೇಕು. ಒಂದೇ ಪೆಡಲ್ ಮೇಲೆ ಕಾಲು ಬಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಬಹುಪಾಲು ಟ್ರ್ಯಾಕ್ಟರ್‌ಗಳಿಗೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಡ್ರೈವ್ ಇದ್ದರೆ ಕಡಿದಾದ ಇಳುಕಲಿನಲ್ಲಿ ಅದನ್ನು ಹಾಕಿಕೊಳ್ಳಿ, ಮುಂದಿನ ಚಕ್ರಗಳೂ ಹಿಡಿತ ಕೊಡುತ್ತವೆ.

ಟ್ರೈಲರ್‌ಗೆ ಇರುವ ಆಯ್ಕೆಗಳು

*ತಳ್ಳಿದಾಗ ಹಿಡಿಯುವ ಬ್ರೇಕ್:* ಇದಕ್ಕೆ ಓವರ್‌ರನ್ ಬ್ರೇಕ್ ಅಂತಾರೆ. ಟ್ರ್ಯಾಕ್ಟರ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡದಿಂದಲೇ ಸರಳು ಎಳೆದು ಬ್ರೇಕ್ ಬೀಳುತ್ತದೆ. ಖರ್ಚು ಕಡಿಮೆ, ಟ್ರ್ಯಾಕ್ಟರ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ಆದರೆ ಘಾಟಿಯಲ್ಲಿ ಇಂಜಿನ್ ಹಿಡಿತದಲ್ಲಿ ಇಳಿಯುವಾಗ ಟ್ರೈಲರ್ ಒಂದೇ ಸಮ ಒತ್ತುತ್ತಲೇ ಇರುತ್ತದೆ. ಹಾಗಾಗಿ ಬ್ರೇಕೂ ಒಂದೇ ಸಮ ಹಿಡಿದು ಕಾಯುತ್ತದೆ. ಏರಿನಲ್ಲಿ ನಿಂತು ಗಾಡಿ ಹಿಂದಕ್ಕೆ ಜಾರತೊಡಗಿದರೆ ಇದು ಕೆಲಸಕ್ಕೇ ಬರೋದಿಲ್ಲ. ಚಿಕ್ಕ ಇಳುಕಲು, ಹಗುರ ಲೋಡಿಗೆ ಪರವಾಗಿಲ್ಲ. ಉದ್ದದ ಘಾಟಿಗೆ ಬೇಡ.

*ಹೈಡ್ರಾಲಿಕ್ ಬ್ರೇಕ್:* ಟ್ರ್ಯಾಕ್ಟರ್‌ನ ಬ್ರೇಕ್ ಪೆಡಲ್‌ಗೆ ಜೋಡಿಸಿದ ವಾಲ್ವ್‌ನಿಂದ ಒಂದು ಪೈಪ್ ಟ್ರೈಲರ್‌ಗೆ ಹೋಗುತ್ತದೆ. ನೀವು ಎಷ್ಟು ಒತ್ತುತ್ತೀರೋ ಟ್ರೈಲರ್ ಅಷ್ಟು ಹಿಡಿಯುತ್ತದೆ. ಮುಂದಕ್ಕೂ ಹಿಂದಕ್ಕೂ ಕೆಲಸ ಮಾಡುತ್ತದೆ. ಒಂದೇ ಪೈಪಿನ ಜೋಡಣೆಯಾದರೆ ಒಂದು ದೋಷ ಇದೆ. ಪೈಪ್ ಒಡೆದರೆ ಅಥವಾ ಕಳಚಿದರೆ ಟ್ರೈಲರ್‌ಗೆ ಬ್ರೇಕೇ ಇಲ್ಲ. ಅದಕ್ಕೇ ಇದರ ಜೊತೆ ಟ್ರೈಲರ್ ಕಳಚಿಕೊಂಡರೆ ತಾನಾಗಿ ಹ್ಯಾಂಡ್‌ಬ್ರೇಕ್ ಎಳೆಯುವ ಕೇಬಲ್ ಹಾಕಿಸಬೇಕು.

*ಏರ್ ಬ್ರೇಕ್:* ಲಾರಿಯಲ್ಲಿರುವಂಥದ್ದು. ಕಂಪ್ರೆಸರ್, ಗಾಳಿ ಟ್ಯಾಂಕ್, ಎರಡು ಪೈಪ್ ಬೇಕು. ದುಬಾರಿ, ಆದರೆ ಸರಿಯಾಗಿ ಜೋಡಿಸಿದ ಎರಡು ಪೈಪಿನ ವ್ಯವಸ್ಥೆಯಲ್ಲಿ ಗಾಳಿ ಬರುವ ಪೈಪ್ ಕಿತ್ತು ಹೋದರೆ ಟ್ರೈಲರ್ ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ದಿನಾ ಭಾರಿ ಲೋಡ್ ಘಾಟಿ ಇಳಿಸುವವರಿಗೆ ಇದೇ ಸೂಕ್ತ. ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಮಳೆಗಾಲದಲ್ಲಂತೂ ತಪ್ಪದೇ ಅಡಿಯ ವಾಲ್ವ್ ತೆರೆದು ಬಿಡಬೇಕು.

ನನ್ನದು ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್, ಹೈಡ್ರಾಲಿಕ್ ಬ್ರೇಕ್. ನನ್ನ ಟ್ರ್ಯಾಕ್ಟರ್‌ನಲ್ಲಿ ಕಂಪ್ರೆಸರ್ ಇಲ್ಲ, ವಾರಕ್ಕೆ ಎರಡು ಮೂರು ಲೋಡಿಗೆ ಅದನ್ನು ಕೂಡಿಸುವ ಖರ್ಚು ನನಗೆ ಗಿಟ್ಟಲಿಲ್ಲ. ಎರಡು ಚಕ್ರದ ಟ್ರೈಲರ್ ತನ್ನ ಭಾರದಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರ್‌ನ ಹಿಂದಿನ ಚಕ್ರದ ಮೇಲೆ ಹಾಕುತ್ತದೆ, ಅದರಿಂದ ಟೈರ್ ಹಿಡಿತ ಹೆಚ್ಚುತ್ತದೆ. ನಾಲ್ಕು ಚಕ್ರದ್ದು ಹಾಗೆ ಭಾರ ಕೊಡೋದಿಲ್ಲ, ಸುಮ್ಮನೆ ತಳ್ಳುತ್ತದೆ. ನಾಲ್ಕು ಚಕ್ರದ್ದೇ ಬೇಕಾದರೆ ಎರಡೂ ಆಕ್ಸಲ್‌ಗೆ ಬ್ರೇಕ್ ಹಾಕಿಸಿ.

ಟ್ರೈಲರ್ ಮಾಡಿಸುವಾಗ ಕೇಳಬೇಕಾದ್ದು

- ಬ್ರೇಕ್ ಇರುವ ಆಕ್ಸಲ್ ಎಷ್ಟು ಟನ್‌ಗೆ ಮಾಡಿದ್ದು? ಲೋಡ್ ಮಾತ್ರ ಅಲ್ಲ, ಟ್ರೈಲರ್‌ನ ಸ್ವಂತ ತೂಕವೂ ಅದರಲ್ಲಿ ಸೇರಬೇಕು.
- ಲೈನರ್ ನಮ್ಮ ಊರಿನ ಹತ್ತಿರ ಸಿಗುತ್ತದೆಯೇ?
- ಲೈನರ್ ಸವೆದಾಗ ಬ್ರೇಕ್ ಬಿಗಿ ಮಾಡುವ ಜಾಗ ಕೈಗೆ ಎಟಕುತ್ತದೆಯೇ?
- ಲೋಡ್ ತುಂಬಿ ಇಳುಕಲಿನಲ್ಲಿ ನಿಲ್ಲಿಸಲು ಪ್ರತ್ಯೇಕ ಹ್ಯಾಂಡ್‌ಬ್ರೇಕ್ ಇದೆಯೇ?
- ಹಿಚ್ ಪಿನ್‌ಗೆ ಲಾಕ್ ಇದೆಯೇ, ಕೆಳಗೆ ಎರಡು ಸರಪಳಿ ಕೊಡುತ್ತಾರೆಯೇ?

"ಇಲ್ಲಿವರೆಗೂ ಯಾರೂ ಕೇಳಿಲ್ಲ, ನಿಮಗ್ಯಾಕೆ ಬ್ರೇಕ್?" ಅಂತ ಒಬ್ಬರು ನನಗೆ ಹೇಳಿದ್ದರು. ಆ ಮಾತಿಗೆ ಉತ್ತರ ಕೊಡುವ ಬದಲು ಬೇರೆ ಕಡೆ ಮಾಡಿಸಿದೆ.

ಇಳಿಯುವಾಗ

ಘಾಟಿ ಶುರುವಾಗುವ ಮೊದಲೇ ಗೇರ್ ಹಾಕಿಕೊಳ್ಳಿ. ಅದೇ ಲೋಡಿನಲ್ಲಿ ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಇದು ಹಳೆಯ ಡ್ರೈವರ್‌ಗಳ ಲೆಕ್ಕ. ಸಂಶಯ ಬಂದರೆ ಇನ್ನೂ ಒಂದು ಗೇರ್ ಕಡಿಮೆ. ಡೀಸೆಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡೋದು, ಕ್ಲಚ್ ಒತ್ತಿಕೊಂಡೇ ಇಳಿಯೋದು ಎರಡೂ ಪ್ರಾಣಕ್ಕೆ ಕುತ್ತು. ಇಂಜಿನ್ ಹಿಡಿತ ಒಮ್ಮೆ ಬಿಟ್ಟರೆ ಆಮೇಲೆ ಇಳುಕಲಿನಲ್ಲಿ ಗೇರ್ ಬೀಳೋದು ಕಷ್ಟ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಒತ್ತಿ, ಇಳಿದ ಮೇಲೆ ಪೂರ್ತಿ ಬಿಡಿ. ತಿರುವಿನ ಒಳಗಲ್ಲ, ತಿರುವಿಗೆ ಮೊದಲು ವೇಗ ಕಡಿಮೆ ಮಾಡಿ.

ಅರ್ಧ ದಾರಿಯಲ್ಲಿ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಡ್ರಮ್ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬ್ರೇಕ್ ಸಮ ಹಿಡಿಯುತ್ತಿಲ್ಲ ಎಂದರ್ಥ. ತಣ್ಣಗಾಗುವ ತನಕ ಕಾಯಿರಿ, ಊರು ಮುಟ್ಟಿದ ಮೇಲೆ ಮೆಕ್ಯಾನಿಕ್‌ಗೆ ತೋರಿಸಿ. ಅಡ್ಡ ಕೊಟ್ಟಿದ್ದನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ರಾತ್ರಿ ಬೈಕಿನಲ್ಲಿ ಬರೋರು ಅದಕ್ಕೆ ಬಡಿದು ಬೀಳ್ತಾರೆ.

ಕೊನೆಯದಾಗಿ, ಕೆಲಸ ಮುಗಿಸಿದ ಆಳುಗಳನ್ನು ಲೋಡ್ ಮೇಲೆ ಕೂರಿಸಿಕೊಂಡು ಇಳಿಯಬೇಡಿ. ಅವರು "ಪರವಾಗಿಲ್ಲ, ಬರ್ತೀವಿ" ಅಂದರೂ ಬೇಡ. ಬೇಸಿಗೆ ಮುಗಿಯುವುದರೊಳಗೆ ಟ್ರೈಲರ್‌ನ ನಾಲ್ಕು ಡ್ರಮ್ ಇದ್ದರೆ ನಾಲ್ಕನ್ನೂ, ಎರಡಿದ್ದರೆ ಎರಡನ್ನೂ ಬಿಚ್ಚಿಸಿ ಲೈನರ್ ನೋಡಿಸಿ. ಮಳೆ ಹಿಡಿದ ಮೇಲೆ ಗ್ಯಾರೇಜಿನಲ್ಲೂ ಜಾಗ ಸಿಗೋದಿಲ್ಲ.